ಇಳಿತ ಕಾಯ್ದ ಮಾಸ್ತರರು

ಶಂಭುಲಿಂಗ ಮಾಸ್ತರರಿಗೆ ನಡೆಯುತ್ತ ಮಾತನಾಡಲು ಬರುತ್ತಿರಲಿಲ್ಲ. ಧಾರವಾಡದ ರಸ್ತೆಯಲ್ಲಿ ಜೊತೆಗೆ ಹೊರಟವರು ಹತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದರೆ, ಇವರು ಬಣ್ಣಗೆಟ್ಟ ಕಂದು ಕೋಟಿನ ಜೇಬುಗಳಲ್ಲಿ ಕೈಯಿಟ್ಟು, ಯಾವುದೋ ಪದಕ್ಕಾಗಿ ಅಂತರಂಗದಲ್ಲೇ ತಡಕಾಡುತ್ತ ನಿಂತಲ್ಲೇ ನಿಂತಿರುತ್ತಿದ್ದರು. ತಕ್ಕ ಪದ ದೊರೆಯದ ಹೊರತು ಮುಂದಿನ ಹೆಜ್ಜೆಯಿಲ್ಲ. ಹೀಗಾಗಿ ಸಂಜೆಯ ತಿರುಗಾಟದ ಸಂಗಡಿಗರು ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ಅವಿವಾಹಿತರಾದ ಅವರಿಗೆ ಮನೆಯಲ್ಲೂ ಕಾಯುವವರಿರಲಿಲ್ಲ.

ಭೂಗೋಳ ಕಲಿಸಿ ನಿವೃತ್ತರಾದ ಮೇಲೆ ಅವರು ಶಾಲಾಮಕ್ಕಳ ನಿಘಂಟೊಂದರ ಸಂಪಾದಕ ಮಂಡಳಿಯನ್ನು ಸೇರಿದರು. ನಾನಲ್ಲಿ ಬೆರಳಚ್ಚು ಮಾಡುತ್ತಿದ್ದೆ. ‘ಇ’ಕಾರದ ಪದಗಳೆಲ್ಲ ಮುಗಿದರೂ ‘ಇಳಿತ’ದ ಅರ್ಥ ಬರೆದ ಚೀಟಿ ಮಾತ್ರ ಅವರಿಂದ ಬರಲಿಲ್ಲ. ಕೇಳಿದರೆ, “ಮೂವತ್ತೊಂದು ವರ್ಷ ಬೋರ್ಡಿನ ಮ್ಯಾಲೆ ಚಂದ್ರನ ಚಿತ್ರ ತಗದು ಇದನ್ನ ಕಲಿಸೇನಿ, ಸುಕನ್ಯಾ. ಒಮ್ಮಿನೂ ಕಣ್ಣಾರೆ ನೋಡಿಲ್ಲ” ಎಂದರು. ಮರುವಾರ ಒಬ್ಬರೇ ಕುಮಟೆಯ ಬಸ್ಸು ಹತ್ತಿದರು.

ಅಘನಾಶಿನಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಬೆಳಗಿನಿಂದ ನಿಂತಿದ್ದ ಇವರನ್ನು ಕಂಡು, ಬುಟ್ಟಿ ಹಿಡಿದು ಕುಳಿತ ಹೆಂಗಸೊಬ್ಬಳು, “ಇಳ್ತ ಆಗ್ಲಿ, ತಡೀರಿ. ಅಲ್ಲೀವರೆಗೆ ನಮ್ಗೂ ಕೆಲ್ಸಿಲ್ಲ” ಎಂದಳಂತೆ. ನೀರು ಸರಿದು ಸರಿದು ಒಂದು ಗಳಿಗೆ ನಿಶ್ಚಲವಾಯಿತು. ಕೆಸರುನೆಲ ಹೊಳೆಯತೊಡಗಿದಾಗ ಆಕೆಯೂ ಜೊತೆಯವರೂ ಚಿಪ್ಪಿ ಹೆಕ್ಕಲು ಇಳಿದರು.

ಮರಳಿ ಬಂದು ಬರೆದ ಚೀಟಿ ನನಗೆ ಇಂದಿಗೂ ಬಾಯಿಪಾಠ. ‘ಇಳಿತ: ಉಬ್ಬರ ಕಳೆದು ಸಮುದ್ರದ ನೀರು ತೀರ ಕೆಳಮಟ್ಟದಲ್ಲಿರುವ ಹೊತ್ತು. ಪ್ರಯೋಗ: ಇಳಿತವಾಯಿತು, ಹೆಂಗಸರು ಚಿಪ್ಪಿ ಹೆಕ್ಕಲು ಹೊರಟರು.’

ಮಂಡಳಿಯ ಅಧ್ಯಕ್ಷ ಅಂಬರೀಷರಿಗೆ ಅದು ಒಪ್ಪಿಗೆಯಾಗಲಿಲ್ಲ. “ನಮ್ಮ ಹುಡುಗರಿಗೆ ಚಿಪ್ಪಿ ಎಲ್ಲಿ ಗೊತ್ತೈತ್ರಿ ಮಾಸ್ತರ? ‘ಬಾಳಿನಲ್ಲಿ ಏರಿಳಿತ ಸಹಜ’ ಅಂತ ಹಾಕ್ರಿ, ತಿಳೀತೈತಿ.”

“ಅದು ಬ್ಯಾರೆ ಶಬ್ದರಿ,” ಎಂದರು ಮಾಸ್ತರರು. “ಇಳಿತ ಅಂದ್ರ ಬರೇ ಕಡಿಮಿ ಆಗೂದಲ್ಲ, ಅದೊಂದು ಹೊತ್ತು. ಅದನ್ನ ಕಾಯೋ ಮಂದಿ ಅದಾರ.”

ಅಧ್ಯಕ್ಷರ ವಾಕ್ಯವನ್ನೇ ಹಾಕುವುದೆಂದು ಮಂಡಳಿ ತೀರ್ಮಾನಿಸಿತು. ನಾನೂ ತಲೆತಗ್ಗಿಸಿ ಅದನ್ನೇ ಬರೆದುಕೊಂಡೆ. ಸಂಪಾದಕರ ಪಟ್ಟಿಯಿಂದ ತಮ್ಮ ಹೆಸರು ತೆಗೆದುಬಿಡಿ ಎಂದಷ್ಟೇ ಹೇಳಿ ಅವರು ಹೊರಟುಹೋದರು. ಕೊನೆಯ ಕರಡಿನಲ್ಲಿ ಅವರ ವಾಕ್ಯವನ್ನು ಅಳಿಸಲು ನನ್ನ ಕೈ ಏಳಲಿಲ್ಲ. ಅದು ಹಾಗೆಯೇ ಅಚ್ಚಾಯಿತು, ಯಾರೂ ಗಮನಿಸಲಿಲ್ಲ.

ಪುಸ್ತಕ ಹಿಡಿದು ಲಕಮನಹಳ್ಳಿಯ ಅವರ ಬಾಡಿಗೆ ಕೋಣೆಗೆ ಹೋದೆ. ಆ ಪುಟವನ್ನು ಎರಡು ಸಲ ಓದಿ, “ಹೆಕ್ಕೂದು ಅಲ್ಲ, ಆ ಬುಟ್ಟಿ ಹಿಡಕೊಂಡಾಕಿ ಬ್ಯಾರೆ ಏನೋ ಅಂದಿದ್ಲು. ನಾ ಬರಕೊಳ್ಳಲಿಲ್ಲ ನೋಡು” ಎಂದು ಪೇಚಾಡಿದರು. ನಾನು ಎದ್ದಾಗ ದನಿ ತಗ್ಗಿತು. “ಕೂಡು, ಇನ್ನೊಂದು ಕಪ್ ಚಾ ಮಾಡತೇನಿ. ಈ ತಿಂಗಳದಾಗ ನೀನ ಮೊದಲು ಬಂದಾಕಿ.”

ಇಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರಿರುತ್ತಾರೆ. ಅವರ ನಿಷ್ಠೆಗೆ ನಾವು ಹಟವೆಂದು ಹೆಸರಿಟ್ಟು ದೂರವಿಡುತ್ತೇವೆ. ಅವರು ತಿದ್ದಿಕೊಟ್ಟ ಮಾತನ್ನು ಮಾತ್ರ, ಯಾರದೆಂದು ಕೇಳದೆ, ಜೀವಮಾನವೆಲ್ಲ ಆಡುತ್ತಿರುತ್ತೇವೆ.