ನಾಲ್ಕನೇ ಸೀಟಿನ ಚಿತ್ರ

ಬೈಕುಲ್ಲಾದ ಗದಿಗೆಪ್ಪನಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅವನದೊಂದು ಫ್ಲೆಕ್ಸ್ ಬ್ಯಾನರಿನ ಅಂಗಡಿ. ಮೊದಲು ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವನು, ಫ್ಲೆಕ್ಸ್ ಬಂದ ಮೇಲೆ ಕುಂಚವನ್ನು ಡಬ್ಬಿಗೆ ಹಾಕಿ ಮೌಸು ಹಿಡಿದಿದ್ದ. ಹುಟ್ಟುಹಬ್ಬವಿರಲಿ, ಗಣಪತಿ ಇರಲಿ, ಹೊಸ ಹಿಟ್ಟಿನ ಗಿರಣಿ ಇರಲಿ, ಅವನ ಬ್ಯಾನರಿನ ನಡುವೆ ಒಬ್ಬ ದೊಡ್ಡ ಮನುಷ್ಯ, ಸುತ್ತಲೂ ಶುಭ ಕೋರುವವರ ಮುಖಗಳ ಸಾಲು. ಒಬ್ಬರ ಫೋಟೋ ಬಿಟ್ಟುಹೋದರೂ ಆ ಮನೆಯವರು ಮೂರು ವರ್ಷ ಮಾತು ಬಿಡುತ್ತಾರೆ. ಇದು ಅವನು ಅನುಭವಿಸಿ ಕಲಿತ ಪಾಠ.

ಇಂಥವನ ಕೈಗೆ ಅಕ್ಕನ ಮಗಳು ವೈಶಾಲಿ ಉಗುರಿನಷ್ಟು ಜಾಗ ಕೊಟ್ಟು, ಚಿತ್ರ ಮಾಡಿಕೊಡು ಮಾಮಾ ಎಂದಳು ನೋಡಿ, ಎಡವಟ್ಟು ಶುರುವಾದದ್ದೇ ಅಲ್ಲಿ.

ವೈಶಾಲಿ ವಿಕ್ರೋಳಿಯ ಮನೆಯಲ್ಲಿ ಎರಡು ವರ್ಷ ಕೂತು ಒಬ್ಬಳೇ ಒಂದು ವಿಡಿಯೋ ಗೇಮ್ ಮಾಡಿದ್ದಳು. ಹೆಸರು 'ನಾಲ್ಕನೇ ಸೀಟು'. ಲೋಕಲ್ ಟ್ರೇನಿನಲ್ಲಿ ಮೂವರು ಕೂರುವ ಬೆಂಚಿಗೆ ನಾಲ್ಕನೆಯವರು ಬಂದು, ಸ್ವಲ್ಪ ಸರೀರಿ ಎಂದು ಅಂಚಿನಲ್ಲಿ ಅರ್ಧ ಕುಂಡಿ ಊರುತ್ತಾರಲ್ಲ, ಆಟವೆಂದರೆ ಅಷ್ಟೇ. ಕೆಮ್ಮಿ, ಬೇಡಿ, ಬೈದು ಆ ಅರ್ಧ ಜಾಗ ಗಿಟ್ಟಿಸಬೇಕು; ಇಳಿಯುವ ಸ್ಟೇಷನ್ ಬರುವ ತನಕ ಬೀಳದೆ ಕೂತಿರಬೇಕು. ಇಂಟರ್ನೆಟ್ಟಿನಲ್ಲಿ ಆಟ ಮಾರುವ ಅಂಗಡಿಯೊಂದು ಸೋಮವಾರದಿಂದ ಒಂದು ವಾರ ಹೊಸ ಆಟಗಳ ಮೇಳ ಇಟ್ಟಿತ್ತು. ಅಲ್ಲಿ ಸಾಲಾಗಿ ನೂರಾರು ಆಟ, ಒಂದೊಂದಕ್ಕೆ ಒಂದೊಂದು ಪುಟಾಣಿ ಚಿತ್ರ. ಥಂಬ್‌ನೇಲ್ ಎನ್ನುತ್ತಾರೆ. ಅದನ್ನು ನೋಡಿ ಜನ ನಿಂತರೆ ನಿಂತರು, ಇಲ್ಲದಿದ್ದರೆ ಮುಂದೆ ಹೋದರು.

ವೈಶಾಲಿಯ ಅವ್ವ ಅಂಬವ್ವ ಖಡಾಖಂಡಿತ ಹೇಳಿಬಿಟ್ಟಿದ್ದಳು: ಭಾನುವಾರದೊಳಗೆ ಸಾವಿರ ಜನ 'ಈ ಆಟ ನನಗೆ ಬೇಕು' ಎಂದು ಗುರುತು ಹಾಕಬೇಕು, ಇಲ್ಲದಿದ್ದರೆ ಮಗಳು ಬಾಯಿ ಮುಚ್ಚಿಕೊಂಡು ಹತ್ತಿರದ ಕಂಪನಿಯ ಆಫೀಸಿಗೆ ಸೇರಬೇಕು. ಕೆಲಸದ ಪತ್ರ ಆಗಲೇ ಬಂದು ದೇವರ ಫೋಟೋದ ಹಿಂದೆ ಕೂತಿತ್ತು.

ಗದಿಗೆಪ್ಪ ಒಂದೇ ದಿನದಲ್ಲಿ ಚಿತ್ರ ಮುಗಿಸಿದ. ನಡುವೆ ಟ್ರೇನು. ಟ್ರೇನಿನ ಮೇಲೆ ಬೆಂಕಿಯಂಥ ಅಕ್ಷರದಲ್ಲಿ ಆಟದ ಹೆಸರು. ಬಲಕ್ಕೆ ಕೈಮುಗಿದ ವೈಶಾಲಿ. ಕೆಳಗೆ 'ಶುಭ ಕೋರುವವರು' ಎಂದು ಹದಿನೇಳು ಮುಖ. ಎಡದಿಂದ ಮೂರನೆಯದು ಕನ್ನಡ ಸಂಘದ ಅಧ್ಯಕ್ಷ ಗುರುಪಾದನದು. ಆಟವನ್ನು ಮೊದಲು ಆಡಿ ನೋಡಲು ಸಂಘದ ಹಾಲ್ ಕೊಟ್ಟವನು ಅವನೇ.

"ಮಾಮಾ, ಇಷ್ಟ್ ಲೋಗ್ ಯಾಕ?" ವೈಶಾಲಿ ತಡವರಿಸಿದಳು. "ಮೊಬೈಲ್‌ನಾಗ ಬಹುತ್ ಛೋಟಾ ಕಾಣತದ."

"ಛೋಟಾ ಕಂಡರ ಹತ್ರ ಹಿಡದು ನೋಡ್ಲಿ ಬೇ! ಗುರುಪಾದ ಸಾಹೇಬ್ರನ್ನ ಬಿಡಾಕ ಬರತೈತೇನು? ನಾಳೆ ಸಂಘದಾಗ ನಾ ಮಾರಿ ತೋರಸಬೇಕೋ ಬ್ಯಾಡೋ?"

ಸೋದರಮಾವನ ಎದುರು ಇನ್ನೆಷ್ಟು ವಾದಿಸುವುದು? ಹುಡುಗಿ ಅದನ್ನೇ ಮೇಳಕ್ಕೆ ಏರಿಸಿದಳು.

ಮಂಗಳವಾರ ಮಧ್ಯಾಹ್ನ ಗುರುಪಾದ ಅಂಗಡಿಗೆ ಬಂದ. ಗದಿಗೆಪ್ಪ ಹಿಗ್ಗಿ ಹೀರೇಕಾಯಿಯಾಗಿ, "ಬರ್ರಿ ಸಾಹೇಬ್ರ, ಜಗತ್ತಿನ ತುಂಬಾ ನಿಮ್ಮ ಮಾರಿ ತೋರಸ್ತೀನಿ" ಎಂದು ಫೋನು ತೆರೆದ. ಇಬ್ಬರೂ ತಲೆ ಕೂಡಿಸಿ ಹುಡುಕಿದರು. ಒಂದು ಕಡೆ ಒಂದೇ ಒಂದು ಕತ್ತಿ, ಇನ್ನೊಂದು ಕಡೆ ದುಂಡನೆಯ ಕಪ್ಪೆ. ಇವೆಲ್ಲ ದೂರದಿಂದಲೇ ಕಾಣುತ್ತಿದ್ದವು. ಮೇಲಿನಿಂದ ಕೆಳಗೆ ಹೋದರು, ಕೆಳಗಿನಿಂದ ಮೇಲೆ ಬಂದರು. 'ನಾಲ್ಕನೇ ಸೀಟು' ಎಲ್ಲಿಯೂ ಇಲ್ಲ.

"ಇದೇನೋ ಇಲ್ಲಿ, ಚುರಮುರಿ ಚೆಲ್ಲಿದಂಗ ಐತಿ?" ಎಂದ ಗುರುಪಾದ. "ಗಿರಮಿಟ್ ಮಾಡೋ ಆಟ ಇರಬೇಕು. ಮುಂದ ನಡೀರಿ."

ಗದಿಗೆಪ್ಪ ಫೋನನ್ನು ಕಣ್ಣ ಹತ್ತಿರ ಹಿಡಿದ. ಆ ಚುರಮುರಿ ಅವನದೇ ಚಿತ್ರವಾಗಿತ್ತು. ಎಡದಿಂದ ಮೂರನೇ ಕಾಳು ಸಾಕ್ಷಾತ್ ಗುರುಪಾದ. ಅವನಿಗೆ ನೆಟ್‌ವರ್ಕ್ ಇಲ್ಲ ಎಂದು ಸುಳ್ಳು ಹೇಳಿ ಚಹಾ ಕುಡಿಸಿ ಕಳಿಸಿದ. ಮೂವತ್ತು ವರ್ಷದಿಂದ ಚಿತ್ರ ಮಾಡುತ್ತ ಬಂದವನು, ತಾನು ಮಾಡಿದ್ದನ್ನು ತಾನೇ ಎರಡು ಸಲ ದಾಟಿ ಹೋಗಿದ್ದ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಇಲ್ಲಿ ಅಡಿಕೆಗಿಂತ ಚಿಕ್ಕ ಜಾಗದಲ್ಲಿ ಮಾನ ಹೋಗಿತ್ತು. ಅಂಗಡಿಯ ಶಟರ್ ಎಳೆದು ಸೀದಾ ವಿಕ್ರೋಳಿಯ ಲೋಕಲ್ ಹತ್ತಿದ.

ಮನೆಯಲ್ಲಿ ವೈಶಾಲಿ ಲ್ಯಾಪ್‌ಟಾಪ್ ಮುಂದೆ ಮುಖ ಊದಿಸಿಕೊಂಡು ಕೂತಿದ್ದಳು. ಎರಡು ದಿನಕ್ಕೆ ಗುರುತು ಹಾಕಿದವರು ಹನ್ನೊಂದು ಜನ, ಅದರಲ್ಲಿ ಒಂಬತ್ತು ಸಂಘದವರು.

"ತಪ್ಪು ನಂದ ಐತಿ ತಂಗೀ," ಎಂದ ಗದಿಗೆಪ್ಪ. ಹುಡುಗಿಯ ಎರಡು ವರ್ಷದ ಬೆವರನ್ನು ತಾನು ಹದಿನೇಳು ಮುಖದ ಕೆಳಗೆ ಹೂತುಬಿಟ್ಟೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಅಷ್ಟರಲ್ಲಿ ಅಂಬವ್ವ ಅವರೆಕಾಯಿ ಬುಟ್ಟಿ ಹಿಡಿದು ಬಂದು ಸೋಫಾದ ಮೇಲೆ ಕೂತಳು. ಸೋಫಾ ಇಡೀ ಖಾಲಿ. ಆದರೂ ಅವಳು ಕೂತದ್ದು ತುತ್ತತುದಿಯಲ್ಲಿ: ಅರ್ಧ ಮೈ ಒಳಗೆ, ಅರ್ಧ ಮೈ ಹೊರಗೆ, ಎಡಗಾಲು ಬೀಳದ ಹಾಗೆ ನೆಲಕ್ಕೆ ಒತ್ತಿ, ಬುಟ್ಟಿಯನ್ನು ತೊಡೆಯ ಮೇಲೆ ಅವಚಿಕೊಂಡು. ಹದಿನೆಂಟು ವರ್ಷ ವಿಕ್ರೋಳಿಯಿಂದ ಬೈಕುಲ್ಲಾದ ಬಟ್ಟೆ ಕಾರ್ಖಾನೆಗೆ ಹೀಗೇ ಹೋಗಿ ಬಂದವಳು. ಕೆಲಸ ಬಿಟ್ಟು ಎರಡು ವರ್ಷವಾದರೂ ನಾಲ್ಕನೇ ಸೀಟು ಮಾತ್ರ ಅವಳನ್ನು ಬಿಟ್ಟಿರಲಿಲ್ಲ.

ಗದಿಗೆಪ್ಪ ಬಾಗಿಲ ಬಳಿ ಹೋದ. ಅಲ್ಲೇ ತಿರುಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದ. ಅಕ್ಕನ ಮುಖ ಸರಿಯಾಗಿ ಕಾಣಲಿಲ್ಲ. ಆದರೆ ಆ ಕೂತ ಭಂಗಿ ಕಾಣುತ್ತಿತ್ತು, ಏನು ನಡೆದಿದೆ ಎಂಬುದೂ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

"ಏನೋ ಗದಿಗ್ಯಾ, ನನ್ನನ್ಯಾಕ ಹಂಗ ಗುರಾಯಿಸ್ತಿ? ದೆವ್ವ ಬಡದೈತೇನು?"

"ಅಲ್ಲಾಡಬ್ಯಾಡ ಅಕ್ಕಾ! ಹಂಗ ಕುಂದ್ರು. ಅವರಿಕಾಯಿ ಸುಲಿ!"

ಬುಧವಾರ ಅವನು ಡಬ್ಬಿಯಿಂದ ಕುಂಚ ತೆಗೆದ. ಕೂದಲು ಗಟ್ಟಿಯಾಗಿದ್ದವು, ನೆನೆಸಿ, ಬೈದು, ಸರಿಮಾಡಿಕೊಂಡ. ಹಳದಿ ಹಿನ್ನೆಲೆ. ಅಲುಗಾಡದ ಮೂರು ಕಪ್ಪು ಬೆನ್ನುಗಳು. ಬೆಂಚಿನ ತುದಿಯಿಂದ ಹೊರಗೆ ಬಂದ ಹಸಿರು ಸೀರೆಯ ದೊಡ್ಡ ಕುಂಡಿ, ನೆಲಕ್ಕೆ ಒತ್ತಿದ ಒಂದು ಕಾಲು. ಮುಖವಿಲ್ಲ, ಬೆಂಕಿಯಿಲ್ಲ, ಶುಭ ಕೋರುವವರಿಲ್ಲ. ಮೇಲೆ ದಪ್ಪಗೆ ಹೆಸರು, ಅಷ್ಟೇ. ಎಡಗಡೆ ಒಂದಿಷ್ಟು ಜಾಗ ಖಾಲಿ ಉಳಿಯಿತು. ಅಲ್ಲೊಂದು ಗುಲಾಬಿ ಇಡಲು ಅವನ ಕೈ ಎಷ್ಟು ತುರಿಸಿತೆಂದರೆ, ಕೈಯನ್ನು ಕುಂಡಿಯ ಕೆಳಗೆ ಹಾಕಿ ಕೂತ.

ವೈಶಾಲಿ ಚಿತ್ರವನ್ನು ಉಗುರಿನಷ್ಟು ಮಾಡಿ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ನಿಲ್ಲಿಸಿ, ಹೊರಬಾಗಿಲಿನಿಂದ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮಾಮಾ, ಯೇ ತೋ ಒಂದ ಸೆಕೆಂಡ್‌ನಾಗ ಸಮಝ್ ಆತು!"

"ಅದೇನೋ ಸರಿ. ಗುರುಪಾದ ಸಾಹೇಬ್ರಿಗೆ ಏನ ಹೇಳೂಣು?"

ಅದಕ್ಕೆ ಅವಳ ಬಳಿ ಉಪಾಯವಿತ್ತು. ಮೇಳದಲ್ಲಿ ಹಳೆಯ ಚಿತ್ರ ತೆಗೆದು ಹೊಸದನ್ನು ಏರಿಸಿ, ಹದಿನೇಳೂ ಮುಖಗಳನ್ನು ಆಟದ ಒಳಗೆ ಬೆಂಚಿನ ಮೇಲೆ ಕೂರಿಸಿದಳು. ಏನು ಮಾಡಿದರೂ ಸರಿಯದ ಪ್ರಯಾಣಿಕರು ಅವರೇ.

ಭಾನುವಾರ ಸಂಜೆ ಗುರುಪಾದ ತನ್ನ ಫೋಟೋ ಎಲ್ಲಿ ಹೋಯಿತೆಂದು ಕೇಳಲು ಸಿಟ್ಟಿನಿಂದ ವಿಕ್ರೋಳಿಗೇ ಬಂದ. ಆಟದೊಳಗೆ ತನ್ನನ್ನು ತೋರಿಸಿದ ಕೂಡಲೇ ತಣ್ಣಗಾದ. "ಭಲೇ! ಎಷ್ಟ ಬೇಡಕೊಂಡರೂ ನಾ ಸರಿಯಂಗಿಲ್ಲಲ್ಲ!" ಎಂದು ಖುಷಿಯಿಂದ ಸೋಫಾದ ನಡುವೆ ಕಾಲು ಅಗಲಿಸಿ ಕೂತ. ಅವನ ಆಚೆ ಈಚೆ ಗದಿಗೆಪ್ಪ, ವೈಶಾಲಿ. ಮೂವರ ಕಣ್ಣೂ ಲ್ಯಾಪ್‌ಟಾಪ್ ಮೇಲೆ. ಒಂಬೈನೂರ ಅರವತ್ತನಾಲ್ಕು. ಮೇಳ ಮುಗಿಯಲು ಹತ್ತು ನಿಮಿಷ. ಅಂಕಿ ಅಲ್ಲಿಯೇ ನಿಂತಿತು, ಮೇಳವೂ ಮುಗಿಯಿತು.

"ಮೂವತ್ತಾರು ಕಮ್ ಬಿತ್ತು ಅವ್ವಾ," ಎಂದಳು ವೈಶಾಲಿ. ಕಣ್ಣಲ್ಲಿ ನೀರು. ಎದ್ದು ದೇವರ ಫೋಟೋದ ಹಿಂದಿನ ಪತ್ರ ತೆಗೆದಳು. ಮತ್ತೆ ಬಂದು ಕೂತಳು.

ಅಂಬವ್ವ ಚಹಾದ ತಟ್ಟೆ ಕೆಳಗಿಟ್ಟು, ಅದುವರೆಗೆ ಒಮ್ಮೆಯೂ ನೋಡದಿದ್ದ ಆ ಪರದೆಯ ಹತ್ತಿರ ಬಗ್ಗಿದಳು. ಹಳದಿಯಲ್ಲಿ ಹಸಿರು ಸೀರೆ. ಅಷ್ಟು ಚಿಕ್ಕ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಗದಿಗೆಪ್ಪ ಹೊಡೆತ ತಪ್ಪಿಸಿಕೊಳ್ಳಲು ತಲೆ ಹಿಂದೆ ಎಳೆದುಕೊಂಡ.

"ಇದು ನಂದ ಐತಿ," ಎಂದಳು. "ಹದಿನೆಂಟ ವರ್ಷ ಕುಂತೀನಿ, ನನಗ ಗುರ್ತು ಸಿಗಂಗಿಲ್ಲೇನು? ಮಾರಿ ಬಿಟ್ಟು ಕುಂಡಿ ತಗದಾನ, ಭಾಡ್ಯಾ."

ಅಂಬವ್ವ ಮಗಳ ಕೈಯಿಂದ ಪತ್ರ ಕಸಿದು, ಮಡಚಿ, ಅಲುಗಾಡುತ್ತಿದ್ದ ಟೀಪಾಯಿಯ ಕಾಲಿನ ಕೆಳಗೆ ಸಿಕ್ಕಿಸಿದಳು.

"ಮೂವತ್ತಾರು ಕಮ್ಮಿ ಆದ್ರ ಏನಾತು? ನನಗೂ ದಿನಾ ಅರ್ಧ ಜಾಗಾ ಕಮ್ಮೀನ ಬೀಳತಿತ್ತು. ಹಂಗ ಕುಂತ ಹೋಗೀನಿ, ದಿನಾ ಹೋಗಿ ಮುಟ್ಟೀನಿ, ಆ ಅರ್ಧ ಜಾಗಾದಾಗ ಕುಂತ ನಿನ್ನ ಇಷ್ಟ ದೊಡ್ಡಾಕಿ ಮಾಡೀನಿ. ನಾಳೆ ಆಫೀಸಿನವರಿಗೆ ಬರಂಗಿಲ್ಲಂತ ಫೋನ ಮಾಡು."

ವೈಶಾಲಿ ಅವ್ವನನ್ನು ತಬ್ಬಿಕೊಳ್ಳಲು ಏಳಬೇಕೆನ್ನುವಷ್ಟರಲ್ಲಿ ಅಂಬವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೋಫಾದ ಎದುರು ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಡುಸು.

"ಗುರುಪಾದ ಸಾಹೇಬ್ರ, ಸರೀರಿ. ಇವತ್ತ ನಾ ಪೂರಾ ಕುಂದ್ರಾಕಿ."

ಗುರುಪಾದ ಕಾಲು ಕೂಡಿಸಿಕೊಂಡು ಸರಿದ.