ಹಂಡೆಯಲ್ಲಿಟ್ಟ ಕಡಲು

ಒಂದು ಕ್ಯಾನ್ ಕಡಲ ನೀರಿಗೆ ಹತ್ತು ತೆಂಗಿನಕಾಯಿ. ಮೀನಿನ ಲಾರಿಯ ಉಗ್ರಪ್ಪ ಮಲ್ಪೆಯಿಂದ ಬೀರೂರಿಗೆ ಬರುವಾಗ ಎರಡು ಕ್ಯಾನ್ ತುಂಬಿಕೊಂಡು ಬರುತ್ತಿದ್ದ, ಹೋಗುವಾಗ ಕಾಯಿ ಹೇರಿಕೊಂಡು ಹೋಗುತ್ತಿದ್ದ. ಬೀರೂರಿನಿಂದ ಪಂಚನಹಳ್ಳಿಗೆ ಆಟೋ ಬಾಡಿಗೆ ಬೇರೆ. ಹುಚ್ಚಮ್ಮ ಲೆಕ್ಕ ಹಾಕಿ ನೋಡಿದಳು. ಕುಡಿಯಲಿಕ್ಕಾಗದ, ಗಿಡಕ್ಕೆ ಹಾಕಲಿಕ್ಕಾಗದ ಆ ನೀರು ಮನೆಯ ಹಸುವಿನ ಹಾಲಿಗಿಂತ ದುಬಾರಿ ಬಿದ್ದಿತ್ತು.

"ನಮ್ಮ ಬೋರ್‌ವೆಲ್ ನೀರೂ ಉಪ್ಪೇ ಅಲ್ವೇನೇ? ಅದ್ನೇ ಹಾಕಕ್ಕೇಳು ನಿನ್ ಗಂಡಂಗೆ," ಎಂದು ಪಕ್ಕದ ಮನೆಯ ಪಾಪಮ್ಮ ಬೇಲಿಯಾಚೆಯಿಂದ ಕಿಚಾಯಿಸಿದಳು.

"ನಿನ್ ನಾಲಿಗೆ ಅದಕ್ಕಿಂತ ಉಪ್ಪು. ಬಂದು ತೊಟ್ಟಿಗೆ ಅದ್ದಿ ಹೋಗು, ಸಾಕು," ಎಂದಳು ಹುಚ್ಚಮ್ಮ.

ಕಾಯಿ ಕೊಡಲು ಅವಳಿಗೆ ಬೇಸರವಿರಲಿಲ್ಲ. ಗಂಡ ಬೀರಪ್ಪ ಮತ್ತೆ ಮಾತಾಡತೊಡಗಿದ್ದ. ಅದಕ್ಕೆ ಎಷ್ಟು ಕಾಯಿ ಕೊಟ್ಟರೂ ಕಡಿಮೆಯೇ.

ಮದುವೆಯಾದ ಮರುವರ್ಷವೇ ಅವನಿಗೆ ಕರಾವಳಿಯ ಮೀನು ಸಾಕಣೆ ಕೇಂದ್ರವೊಂದರಲ್ಲಿ ಪಂಪ್ ನಡೆಸುವ ಕೆಲಸ ಸಿಕ್ಕಿತ್ತು. ತೋಟ, ದನ, ಅತ್ತೆ ಅವಳ ಪಾಲಿಗೆ. ಕಡಲು ಅವನ ಪಾಲಿಗೆ. ತಿಂಗಳಿಗೊಮ್ಮೆ ಊರಿಗೆ ಬಂದಾಗ ಮೈಯೆಲ್ಲ ಉಪ್ಪಿನ ವಾಸನೆ. ತವರಿನವರು ಕೊಟ್ಟ ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿ ಅವಳು ಅವನ ಬೆನ್ನುಜ್ಜುತ್ತಿದ್ದಳು. ಬಚ್ಚಲಿನ ಹಬೆಯಲ್ಲಿ ಕೂತು ಅವನು ಅಲ್ಲಿ ಸಾಕುತ್ತಿದ್ದ ಬೊಂಡಾಸಿನ ಸುದ್ದಿ ತೆಗೆಯುತ್ತಿದ್ದ. ಕಡಲಿನ ಆ ಪ್ರಾಣಿಗೆ ತಲೆಯಿಂದಲೇ ಹತ್ತು ಕೈ ಹೊರಟಿವೆಯಂತೆ. ಗುಂಡಿಗೆ ಮೂರು, ರಕ್ತ ನೀಲಿ. ಮರಳ ಮೇಲೆ ಕೂತರೆ ಮರಳಿನ ಬಣ್ಣ, ಕಲ್ಲಿನ ಮೇಲೆ ಕೂತರೆ ಕಲ್ಲಿನ ಬಣ್ಣ. ಹೆದರಿದರೆ ಮಸಿ ಉಗುಳಿ ಅದರ ಮರೆಯಲ್ಲಿ ಓಡುತ್ತದೆ. ಮೊಟ್ಟೆಯಿಟ್ಟ ಸ್ವಲ್ಪ ದಿನಕ್ಕೆ ತಾಯಿ ಸಾಯುತ್ತದೆ.

"ಅಯ್ಯೋ, ಮಕ್ಳ ಮುಖನೂ ನೋಡಲ್ವಾ?"

"ಇಲ್ಲ ಕಣೇ. ಅವು ಹುಟ್ತಾನೇ ಬೇಟೆ ಕಲ್ತಿರ್ತವೆ."

ಆ ಬಚ್ಚಲಿನ ಸುದ್ದಿಗಾಗಿ ಅವಳು ತಿಂಗಳಿಡೀ ಕಾಯುತ್ತಿದ್ದಳು. ನಿವೃತ್ತಿಯಾಗಿ ಬಂದ ಮೇಲೆ ಸುದ್ದಿ ನಿಂತುಹೋಯಿತು. ಜಗಲಿಯ ಮೇಲೆ ಕೂತು ಕಡೂರಿನ ಬಸ್ಸುಗಳನ್ನು ನೋಡುವುದು, ಉಣ್ಣುವುದು, ಮಲಗುವುದು. ಇಷ್ಟು ವರ್ಷ ದೂರವಿದ್ದ ಗಂಡ ಹತ್ತಿರ ಬಂದ ಮೇಲೆಯೇ ದೂರವಾದಂತೆ ಅವಳಿಗೆ ಅನ್ನಿಸುತ್ತಿತ್ತು.

ಆ ಚಳಿಗಾಲ ಕೇಂದ್ರದಿಂದ ಫೋನು ಬಂತು. ಬೊಂಡಾಸ್ ತೊಟ್ಟಿಗಳನ್ನು ಮುಚ್ಚುತ್ತಾರಂತೆ, ಕೊನೆಯ ಮೊಟ್ಟೆಗಳಿವೆಯಂತೆ. ಬೀರಪ್ಪ ಅಂದೇ ಹೊರಟು, ಕಪ್ಪು ದ್ರಾಕ್ಷಿಯಂಥ ಗೊಂಚಲೊಂದನ್ನು ನೀರಿನ ಡಬ್ಬದಲ್ಲಿ ತಂದ. "ಬಾಯಲ್ಲಿ ಹೇಳಿದ್ದೇ ಆಯ್ತು. ಒಂದ್ಸಲ ಕಣ್ಣಾರೆ ನೋಡೇ," ಎಂದ. ನಡುಮನೆಯಲ್ಲಿ ಗಾಜಿನ ತೊಟ್ಟಿ ಬಂತು, ಗಾಳಿ ಊದುವ ಮೋಟಾರು ಬಂತು. ಇನ್ನೂ ಎಳೆಯವಾಗಿ ಕಂಡ ಐದಾರು ಮೊಟ್ಟೆಗಳನ್ನು ಅವನು ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಳಿಬಿಟ್ಟ.

ತೊಟ್ಟಿಯ ಮೊಟ್ಟೆಗಳು ಉಬ್ಬಿ ತೆಳ್ಳಗಾಗಿ ಒಡೆದವು. ಅವರೆಕಾಳಿನಷ್ಟೇ ದೊಡ್ಡ ಮರಿಗಳು. ಅಂಚಿಗೆ ಸೆರಗಿನಂತೆ ಅಲೆಯುವ ರೆಕ್ಕೆ. ಹುಚ್ಚಮ್ಮ ಒಲೆಯ ಮೇಲಿನ ಸಾರು ಮರೆತು ಕೂತಳು. ಬೀರಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೇ ಸಮನೆ ಮಾತಾಡಿದ. ಬಚ್ಚಲಿನ ಕಾಲವೇ ತಿರುಗಿ ಬಂದಂತಾಯಿತು.

ಮುಂದಿನ ಸಲ ಬಂದ ಕ್ಯಾನುಗಳು ಮೀನಿನ ಕೊಳಕು ವಾಸನೆ ಹೊಡೆಯುತ್ತಿದ್ದವು. ಇಂಥಾದ್ದರಲ್ಲಿ ಎಳೆಗೂಸುಗಳ ನೀರು ಇಡುವುದೇ? ಕುಡಿಯುವ ನೀರಿಗೆ ತಾಮ್ರದ ಕೊಡ, ಬಾಣಂತಿಯ ಸ್ನಾನಕ್ಕೆ ತಾಮ್ರದ ಹಂಡೆ. ಅದಕ್ಕಿಂತ ಶುದ್ಧವಾದ ಪಾತ್ರೆ ಅವಳಿಗೆ ಗೊತ್ತಿರಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ಹಂಡೆಯನ್ನು ಹೊಳೆಯುವಂತೆ ಬೆಳಗಿ, ಕಡಲ ನೀರನ್ನು ಸೋಸಿ ತುಂಬಿಟ್ಟಳು. ಬೆಳಿಗ್ಗೆ ಮರಿಗಳಿಗೆಂದು ಸಣ್ಣ ಸೀಗಡಿ ಹಿಡಿಯಲು ಕೆರೆಗೆ ಹೊರಟ ಬೀರಪ್ಪ, "ತೊಟ್ಟಿಗೆ ಒಂದ್ ಬಿಂದಿಗೆ ಹೊಸ ನೀರು ಹಾಕಿರು," ಎಂದ. ಅವಳು ಹಂಡೆಯಿಂದ ಮೊಗೆದು ಹಾಕಿದಳು. ಎರಡು ಬಿಂದಿಗೆ. ಒಳ್ಳೆಯದಾಗಲಿ ಎಂದು.

ಅವನು ಬರುವಷ್ಟರಲ್ಲಿ ತೊಟ್ಟಿಯಲ್ಲಿ ಹೊಗೆಯಂತೆ ಮಸಿ ಎದ್ದಿತ್ತು. ಮರಿಗಳು ಬಣ್ಣ ಕಳೆದುಕೊಂಡು ಬೆಳ್ಳಗೆ ಮಗುಚಿ ಬಿದ್ದಿದ್ದವು.

"ಯಾವ ನೀರೇ ಹಾಕ್ದೆ?"

ಅವಳು ಬಚ್ಚಲ ಕಡೆ ಕೈ ತೋರಿಸಿದಳು. ಬೀರಪ್ಪ ಹೋಗಿ ನೋಡಿದ. ನೀರಿನ ಮಟ್ಟಕ್ಕೆ ಹಂಡೆಯ ಒಳಮೈಗೆ ತೆಳುವಾಗಿ ಹಸಿರು ಕಟ್ಟಿತ್ತು. ಅಲ್ಲೇ ಒಲೆಯ ಕಟ್ಟೆಯ ಮೇಲೆ ಕೂತುಬಿಟ್ಟ.

"ತಾಮ್ರ ಇವಕ್ಕೆ ವಿಷ ಕಣೇ. ನಮ್ ತೊಟ್ಟಿ ಹತ್ರ ತಾಮ್ರದ ತಂತಿ ಚೂರೂ ಬಿಡ್ತಿರ್ಲಿಲ್ಲ."

"ಒಂದಿನಾನಾದ್ರೂ ಹೇಳಿದ್ರಾ ನಂಗೆ?" ಎಂದಳು ಹುಚ್ಚಮ್ಮ. "ಬಣ್ಣ ಹೇಳಿದ್ರಿ, ಮಸಿ ಹೇಳಿದ್ರಿ, ಮೂರು ಗುಂಡಿಗೆ ಹೇಳಿದ್ರಿ. ಹೆಂಗೆ ಸಾಯ್ತವೆ ಅಂತ ಹೇಳಿದ್ರಾ?"

ಅವನು ಮುಖ ತಿರುಗಿಸಿ ಹಂಡೆಯ ಹಸಿರನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದ. ಮತ್ತೆ ಅದೇ ಜಗಲಿ, ಅದೇ ಬಸ್ಸು ಅಂದುಕೊಂಡಳು ಅವಳು.

"ಇಲ್ಲ," ಎಂದ ಕೊನೆಗೆ. "ತಿಂಗ್ಳಿಗೊಂದ್ಸಲ ಬರೋನು. ಚೆಂದದ್ದಷ್ಟೇ ಹೇಳ್ತಿದ್ದೆ."

"ಇನ್ನ ಚೆಂದದ್ದು ಬೇಡ. ಆ ಬಕೆಟ್ಟಿನವು ಉಳೀಬೇಕಂದ್ರೆ ಏನು ಮಾಡ್ಬಾರ್ದು, ಅದ್ ಹೇಳಿ."

ಅವನು ಹೇಳಿದ. ಸೋಪು ಹಚ್ಚಿದ ಕೈ ಅದ್ದಬಾರದು, ಬಿಸಿಲು ಬೀಳಬಾರದು, ತಿಂದು ಬಿಟ್ಟಿದ್ದು ಕೊಳೆಯಬಾರದು. ಹೇಳುತ್ತಾ ಹೇಳುತ್ತಾ ಮಾತು ಬೇರೆ ಕಡೆ ಹೊರಳಿತು. ಕೈಯ ಬಿರುಕುಗಳಿಗೆ ಉಪ್ಪುನೀರು ಇಳಿದರೆ ಹೇಗಿರುತ್ತದೆ, ಮಳೆಗಾಲದಲ್ಲಿ ಒದ್ದೆ ಸೌದೆ ಊದಿ ಒಬ್ಬನೇ ಗಂಜಿ ಕಾಯಿಸುವುದು ಹೇಗಿರುತ್ತದೆ. ಅವಳೂ ಹೇಳಿದಳು. ಅತ್ತೆ ಹಾಸಿಗೆ ಹಿಡಿದ ವರ್ಷ ರಾಗಿ ಹೊಲವನ್ನು ಒಬ್ಬಳೇ ಕೊಯ್ಯಿಸಿದ್ದು, ಅವನು ಬಂದಾಗ ಅದನ್ನೆಲ್ಲ ನುಂಗಿಕೊಂಡು ನೀರು ಕಾಯಿಸಿದ್ದು. ಅಷ್ಟರಲ್ಲಿ ಹಸು ಕರೆಯುವ ಹೊತ್ತು ಮೀರಿ ಹೋಗಿತ್ತು.

ಬಕೆಟ್ಟಿನ ಮೊಟ್ಟೆಗಳಲ್ಲಿ ಎರಡು ಒಡೆದವು. ಉಳಿದವು ಕೊಳೆತವು. ಬೀರಪ್ಪ ತೋಟಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಹುಚ್ಚಮ್ಮ ಒಂದು ಸೀಗಡಿಯನ್ನು ಬಕೆಟ್ಟಿಗೆ ಬಿಟ್ಟಳು. ತಳದಲ್ಲಿ ಮಂಕಾಗಿ ಕೂತಿದ್ದ ಮರಿ ಕಪ್ಪಾಯಿತು, ಮೈಮೇಲೆ ಪಟ್ಟೆ ಹರಿಯಿತು. ಎಲ್ಲಿ ಅಡಗಿಸಿಟ್ಟಿತ್ತೋ, ಎರಡು ಉದ್ದನೆಯ ಕೈಗಳನ್ನು ಬಾಣದಂತೆ ಎಸೆದು ಸೀಗಡಿಯನ್ನು ಬಾಯಿಗೆಳೆದುಕೊಂಡಿತು. ಹುಚ್ಚಮ್ಮ ಕೂಗಿಕೊಂಡಳು. ನೋಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಬೀರಪ್ಪ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ, "ಬನ್ನಿ, ಕೂತ್ಕಳಿ, ಇವತ್ತು ಏನಾಯ್ತು ಗೊತ್ತಾ?" ಎಂದಳು. ಅವನಿಗೆ ಗೊತ್ತಿಲ್ಲದ್ದೇನೂ ಅದರಲ್ಲಿರಲಿಲ್ಲ. ಆದರೂ ಹೊಸ್ತಿಲ ಮೇಲೆ ಕೂತು, "ಆಮೇಲೆ?" ಎಂದ.

ತೊಟ್ಟಿಯಲ್ಲಿ ಹುಟ್ಟಿದ್ದವು ಒಂದೂ ಉಳಿಯಲಿಲ್ಲ. ಬಕೆಟ್ಟಿನವು ಎರಡು ಉಳಿದವು.