ಮುಳಬಾಗಿಲ ಬೆಟ್ಟಕ್ಕೆ ಹೊಸ ದಾರಿ

ಕೋಲಾರದ ಭಾನುವಾರದ ಬೆಟ್ಟಸಂಘದಲ್ಲಿ ಒಟ್ಟು ಐದು ಜನರಿದ್ದರು. ಒಬ್ಬರು ಅಧ್ಯಕ್ಷರು, ಒಬ್ಬರು ಉಪಾಧ್ಯಕ್ಷರು, ಒಬ್ಬರು ಕಾರ್ಯದರ್ಶಿ, ಇನ್ನೊಬ್ಬರು ಖಜಾಂಚಿ. ಬರೀ ಸದಸ್ಯನಾಗಿ ಉಳಿದವನು ದರ್ಜಿ ನಜೀರ್ ಅಹಮದ್ ಒಬ್ಬನೇ. ಸಂಘ ತನ್ನ ಸದಸ್ಯರನ್ನು ಉದ್ದೇಶಿಸಿ ಹೊರಡಿಸುತ್ತಿದ್ದ ಸೂಚನೆಗಳನ್ನೆಲ್ಲ ಅವನೊಬ್ಬನೇ ಪಾಲಿಸಬೇಕಾಗಿತ್ತು.

ಅವನು ಸಂಘ ಸೇರಿದ್ದು ಡಾಕ್ಟರ ಮಾತಿನಿಂದ. ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಮಂಡಿ ಹಿಡಿದುಕೊಂಡಿತ್ತು, ನಡೆಯಬೇಕು ಎಂದಿದ್ದರು. ಎತ್ತರ ಕಂಡರೆ ಅವನಿಗೆ ಜೀವ ಹೋದಂತಾಗುತ್ತಿತ್ತು. ಈ ಸಂಗತಿ ಹೆಂಡತಿ ಅಖ್ತರ್ ಬಾನುಗೆ ಮಾತ್ರ ಗೊತ್ತಿತ್ತು. ಅವರ ಮನೆಯಲ್ಲಿ ಅಟ್ಟ ಹತ್ತುವವಳು ಅವಳೇ.

ಅಧ್ಯಕ್ಷ ಕೋದಂಡರಾಮಪ್ಪನವರು ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ಕುರ್ಚಿಯಿಂದ ಏಳದೆ ಸೇವೆ ಸಲ್ಲಿಸಿದ್ದರಿಂದ, ಕಾಲುಗಳಿಗೂ ಒಂದಿಷ್ಟು ಕೆಲಸ ಕೊಡೋಣವೆಂದು ಈ ಸಂಘ ಕಟ್ಟಿದ್ದರು. ಖಾಕಿ ನಿಕ್ಕರು, ಕ್ಯಾನ್ವಾಸ್ ಚೀಲ, ಬೆಳ್ಳಿ ಕಟ್ಟಿನ ಊರುಗೋಲು ಎಲ್ಲವೂ ಅವರ ಬಳಿ ಇದ್ದವು. ಬೆಟ್ಟಗಳ ವಿಷಯದಲ್ಲಿ ಅವರಿಗೆ ತಿಳಿಯದ್ದು ಒಂದೂ ಇರಲಿಲ್ಲ, ಹತ್ತುವುದೊಂದನ್ನು ಬಿಟ್ಟರೆ.

ಆದರೂ ಒಳ್ಳೆಯ ಜನ. ಊರ ಪಕ್ಕದ ಅಂತರಗಂಗೆ ಬೆಟ್ಟದ ಮೇಲೆ ಬುತ್ತಿ ಬಿಚ್ಚಿದಾಗ ಅಧ್ಯಕ್ಷರು ನಾಲ್ಕೂ ಕಡೆ ನೋಡಿ, "ಬೆಟ್ಟದ ಮೇಲೆ ಮಡಿ ಗಿಡಿ ಏನಿಲ್ಲ ಕಣಯ್ಯಾ" ಎಂದು ಹೇಳಿ ಅಖ್ತರ್ ಬಾನು ಮಾಡಿಕೊಟ್ಟ ಬೆಲ್ಲದ ಸೇವಿಗೆಯನ್ನು ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದರು. ಕೆಳಗಿಳಿದ ಮೇಲೆ ಆ ಸೇವಿಗೆಯ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತಮೂರರ ಕಾರ್ತಿಕದಲ್ಲಿ ಸಂಘ ಮುಳಬಾಗಿಲ ಬೆಟ್ಟಕ್ಕೆ ಹೊರಟಿತು. ಯುದ್ಧದ ಕಾಲ, ಪೆಟ್ರೋಲಿಲ್ಲ. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಚಿಕ್ಕ ದಿಣ್ಣೆ ಕಂಡರೂ ಕೆಮ್ಮಿ ನಿಲ್ಲುತ್ತಿತ್ತು. ಪ್ರಯಾಣಿಕರೆಲ್ಲ ಇಳಿದು ಮೂರು ಕಡೆ ತಳ್ಳಿದರು. ಬಸ್ಸು ತಳ್ಳುವುದು ಕಾರ್ಯಕ್ರಮದಲ್ಲಿ ಇರಲಿಲ್ಲವಾದ್ದರಿಂದ ಅಧ್ಯಕ್ಷರು ಒಳಗೇ ಕೂತಿದ್ದರು.

ಬೆಟ್ಟದ ಬುಡದಲ್ಲಿ ದಾರಿ ಎದ್ದು ಕಾಣುತ್ತಿತ್ತು. ದನ, ಮೇಕೆ, ಕೋಟೆ ನೋಡಲು ಬರುವವರು ಎಲ್ಲರೂ ತುಳಿದು ತುಳಿದು ಸವೆದ ದಾರಿ. ಕೋದಂಡರಾಮಪ್ಪನವರು ಅದನ್ನು ಊರುಗೋಲಿನಿಂದ ತೋರಿಸಿ ಮೂಗು ಮುರಿದರು.

"ಇದು ಮೇಕೆ ಹೋಗೋ ದಾರಿ. ನಾವು ಉತ್ತರದ ಕಡೆಯಿಂದ ಹೊಸ ದಾರಿ ಕಂಡುಹಿಡಿಯೋಣ."

"ಮೇಕೆಗಳು ಆ ಕಡೆ ಯಾಕೆ ಹೋಗಲ್ಲ ಸ್ವಾಮಿ?" ಎಂದು ನಜೀರ್ ಕೇಳಿದ.

"ಅವಕ್ಕೆ ಸಾಹಸಬುದ್ಧಿ ಇಲ್ಲ ಸಾಬ್ರೇ" ಎಂದರು ಕಾರ್ಯದರ್ಶಿ ರಾಮಚಂದ್ರಪ್ಪ ಮೇಷ್ಟ್ರು. ಅಧ್ಯಕ್ಷರ ಮಾತಿಗೆ ಅರ್ಥ ಬರೆಯುವ ಕೆಲಸ ಅವರದು.

ಒಂದು ಗಂಟೆ ಎಲ್ಲರೂ ಪೊದೆಗಳ ನಡುವೆ ನುಗ್ಗಿದರು. ಖಜಾಂಚಿಯ ಪಂಚೆ ಅರ್ಧ ಮುಳ್ಳಿನ ಪಾಲಾಯಿತು. ಆಮೇಲೆ ಒಂದು ಭಾರಿ ಬಂಡೆ ಅಡ್ಡ ಬಂತು. ಅಧ್ಯಕ್ಷರು ಯಾರ ಮಾತನ್ನೂ ಕೇಳದೆ ಮುಂದೆ ಹತ್ತಿದರು. ಅಷ್ಟು ದೂರ ಅವರು ನಿಜಕ್ಕೂ ಚೆನ್ನಾಗಿಯೇ ಹತ್ತಿದರು. ಹತ್ತಡಿ ಮೇಲಿದ್ದ ಕಿರಿದಾದ ಅಂಚಿನ ಮೇಲೆ ನಿಂತು, "ಬನ್ನಿ, ಏನೂ ಭಯವಿಲ್ಲ" ಎಂದು ಕೂಗಿದರು. ಹಾಗೆ ಕೂಗಲು ಕೆಳಗೆ ನೋಡಿದ್ದೇ ತಪ್ಪಾಯಿತು.

ಊರುಗೋಲು ಕೈಯಿಂದ ಜಾರಿ ಬಂಡೆಗೆ ಬಡಿಯುತ್ತ ಕೆಳಗೆ ಉರುಳಿತು. ಅವರು ಬಂಡೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದರು.

"ಇಳಿದು ಬನ್ನಿ ಸಾರ್" ಎಂದರು ಮೇಷ್ಟ್ರು.

ಬಂಡೆಯ ಮೇಲಿಂದ ಸಣ್ಣ ದನಿಯಲ್ಲಿ, "ಕಾಲು ಬರ್ತಿಲ್ಲ" ಎಂದು ಕೇಳಿಸಿತು.

ಉಪಾಧ್ಯಕ್ಷರು ಸಭೆ ಸೇರಿಸಿ ಚರ್ಚಿಸೋಣ ಎಂದರು. ಖಜಾಂಚಿ ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ಆ ಮುಚ್ಚಿದ ಕಣ್ಣುಗಳ ಹಿಂದೆ ಏನು ನಡೆಯುತ್ತಿದೆ ಎಂಬುದು ಅಲ್ಲಿದ್ದವರ ಪೈಕಿ ನಜೀರ್ ಒಬ್ಬನಿಗೇ ಸರಿಯಾಗಿ ಗೊತ್ತಿತ್ತು. ಸುಮ್ಮನಿರಲಾಗದೆ ಅರ್ಧ ಬಂಡೆಯವರೆಗೆ ತೆವಳಿದ. ಅಲ್ಲಿಗೆ ಅವನ ಕಾಲುಗಳೂ ನಿಂತವು. ಹೀಗೆ ಸಂಘದ ಇಬ್ಬರು ಸದಸ್ಯರು ಹೊಸ ದಾರಿಯ ಮೇಲೆ ಅಂಟಿಕೊಂಡರು.

ಆಗ ಮೇಲಿನಿಂದ ಒಬ್ಬ ಹೆಂಗಸಿನ ದನಿ ಬಂತು.

"ಏಂದಯ್ಯಾ ಇದಿ, ಏನಿದು? ಹಲ್ಲಿ ಥರಾ ಅಂಟ್ಕೊಂಡವ್ರೆ!"

ಸೌದೆ ಕಡಿಯಲು ಬಂದಿದ್ದ ಮುನಿಶಾಮಮ್ಮ. ಐವತ್ತರ ಮೇಲಿನ ವಯಸ್ಸು, ಸೊಂಟಕ್ಕೆ ಸಿಕ್ಕಿಸಿದ ಕುಡುಗೋಲು, ಬರಿಗಾಲು. ಅವಳು ಬಂಡೆಯ ಪಕ್ಕದ ಸಂದಿಯಿಂದ ಮನೆಯ ಮೆಟ್ಟಿಲಿಳಿದಂತೆ ಇಳಿದು ಬಂದಳು. ಹೊರೆ ಕಟ್ಟುವ ಹಗ್ಗವನ್ನು ಒಂದು ಗಿಡದ ಬುಡಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಅಧ್ಯಕ್ಷರ ಸೊಂಟಕ್ಕೆ ಸುತ್ತಿದಳು.

"ಕಣ್ಣು ಬಿಡು ಸ್ವಾಮಿ. ಕುಂತ್ಕೋ. ಎಮ್ಮೆ ಕೆರೆಗಿಳಿಯಂಗೆ ಮೆಲ್ಲಗೆ ಜಾರು. ನಿಕ್ಕರು ಹರಿದ್ರೆ ಹರೀಲಿ."

ನಿಕ್ಕರು ಹರಿಯಿತು. ಆದರೆ ಅಧ್ಯಕ್ಷರು ಕೆಳಗೆ ಬಂದರು. ನಜೀರ್‌ನನ್ನು ಅವಳು ಬರೀ ತೋಳು ಹಿಡಿದು ಇಳಿಸಿದಳು. ಐವರೂ ನೆಲದ ಮೇಲೆ ಕೂತು ನೀರು ಕುಡಿದರು.

"ಮೇಲೇನಾದ್ರೂ ಕಳ್ಕೊಂಡಿದ್ರಾ?" ಎಂದು ಅವಳು ಕೇಳಿದಳು.

"ಇಲ್ಲಮ್ಮ. ಬೆಟ್ಟ ಹತ್ತೋಕೆ ಬಂದಿದ್ವಿ" ಎಂದ ನಜೀರ್.

"ಹತ್ತಿ?"

"ಇಳಿಯೋಕೆ."

ಮುನಿಶಾಮಮ್ಮ ಐವರ ಮುಖವನ್ನೂ ಒಮ್ಮೆ ನೋಡಿದಳು. ಇಷ್ಟು ಓದಿದವರಿಗೆ ಹೀಗಾಗಬಾರದಿತ್ತು ಎಂಬಂತೆ ನಿಟ್ಟುಸಿರು ಬಿಟ್ಟಳು. ಮೇಷ್ಟ್ರು ಏನಾದರೂ ಕೊಡೋಣವೆಂದು ಜೇಬಿಗೆ ಕೈ ಹಾಕಿದಾಗ ಬೇಡವೆಂದು ತಲೆಯಾಡಿಸಿದಳು.

"ನಿಮ್ಮಿಂದ ನಂಗೆ ಹೊತ್ತು ಹೋಯ್ತು. ಮೇಲೆ ಐದು ಹೊರೆ ಕಟ್ಟಿಟ್ಟಿದೀನಿ, ಇವತ್ತು ಎಲ್ಲಾ ಇಳಿಸೋಕಾಗಲ್ಲ. ಹೆಂಗೂ ಬರಿಗೈಲಿ ಇಳಿಯೋರು, ಒಂದೊಂದು ಹೊತ್ಕೊಂಡ್ ಬನ್ನಿ. ದಾರಿ ಈ ಕಡೆ."

ಸಂಘದ ನಿಯಮಾವಳಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ಅವರು ಚೀಲದಿಂದ ಅಂಗವಸ್ತ್ರ ತೆಗೆದು ಹರಿದ ನಿಕ್ಕರಿನ ಮೇಲೆ ಕಟ್ಟಿಕೊಂಡು, "ನಡೀರಿ" ಎಂದಷ್ಟೇ ಹೇಳಿದರು.

ಮಧ್ಯಾಹ್ನ ಮುಳಬಾಗಿಲ ಬೀದಿಯಲ್ಲಿ ಐದು ಸೌದೆ ಹೊರೆಗಳು ಸಾಲಾಗಿ ಬಂದವು. ಮುಂದೆ ಮುನಿಶಾಮಮ್ಮ ಕೈಬೀಸಿಕೊಂಡು ನಡೆದಳು. ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ನಿಂತರು. ವೆಂಕಟರತ್ನಮ್ಮ ಎಂಬ ಗೃಹಿಣಿ ಎಲ್ಲಕ್ಕಿಂತ ದೊಡ್ಡ ಹೊರೆಯನ್ನು ಆರಿಸಿದಳು. ಅದು ಅಧ್ಯಕ್ಷರ ತಲೆಯ ಮೇಲಿತ್ತು.

"ಹಿತ್ತಲಿಗೆ ಹಾಕಪ್ಪ. ಒಳಗೆ ಚಪ್ಪಲಿ ತರಬೇಡ" ಎಂದಳು.

ಮೂವತ್ತು ವರ್ಷ ಜನರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದ ಶಿರಸ್ತೇದಾರರು ಬೂಟು ಬಿಚ್ಚಿ ಹಿತ್ತಲಿಗೆ ಹೋದರು. ಸೌದೆಯನ್ನು ಗೋಡೆಯ ಪಕ್ಕ ಒಪ್ಪವಾಗಿ ಪೇರಿಸಿದರು. "ಸಣ್ಣವು ಮೇಲಿರಲಿ" ಎಂದು ಆಕೆ ಹೇಳಿದಾಗ ಮತ್ತೆ ತೆಗೆದು ಪೇರಿಸಿದರು. ಹೊರಗೆ ಬಂದಾಗ ಅವರ ತಲೆಯ ಮೇಲೆ ತರಗೆಲೆ ಅಂಟಿತ್ತು. ನಜೀರ್ ಅದನ್ನು ತೆಗೆದ. ನಗುವಂಥ ದೃಶ್ಯವೇ, ಆದರೆ ಅವನಿಗೆ ನಗು ಬರಲಿಲ್ಲ.

ಮೇಷ್ಟ್ರು ಆ ವಾರವೇ ವರದಿ ಬರೆದರು. ಅಧ್ಯಕ್ಷರು ಶಿಲೆಯ ರಚನೆಯನ್ನು ಹತ್ತಿರದಿಂದ ಬಹುಹೊತ್ತು ಪರಿಶೀಲಿಸಿದರೆಂದೂ, ತರುವಾಯ ಸಂಘವು ಗ್ರಾಮಸೇವೆ ಕೈಗೊಂಡಿತೆಂದೂ ಅದರಲ್ಲಿತ್ತು. ಮೇಷ್ಟ್ರು ಬಹಳ ಕಷ್ಟಪಟ್ಟು ಬರೆದಿದ್ದರು. ಮುಂದಿನ ಭಾನುವಾರ ಅಧ್ಯಕ್ಷರು ಬರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಉಪಾಧ್ಯಕ್ಷರಂತೂ ಮುಖ ಗಂಭೀರ ಮಾಡಿಕೊಂಡು ಅಧ್ಯಕ್ಷಸ್ಥಾನಕ್ಕೆ ಸಿದ್ಧರಾಗಿ ಬಂದಿದ್ದರು.

ಕೋದಂಡರಾಮಪ್ಪನವರು ಪಂಚೆ ಉಟ್ಟು ಬಂದರು. ಮೇಷ್ಟ್ರು ಓದಿದ ವರದಿಯನ್ನು ಪೂರ್ತಿ ಕೇಳಿ, "ಚೆನ್ನಾಗಿದೆ, ಇನ್ಯಾರದೋ ಕತೆ ಇದ್ದಂಗಿದೆ" ಎಂದು ಮಡಿಚಿ ಜೇಬಿಗಿಟ್ಟುಕೊಂಡರು. ಆಮೇಲೆ ಎಲ್ಲರಿಗಿಂತ ಹಿಂದೆ, ಎಲ್ಲರೂ ನಡೆಯುವ ದಾರಿಯಲ್ಲೇ, ನಜೀರ್ ಜೊತೆ ಅಂತರಗಂಗೆಯ ಕಡೆ ನಡೆದರು.

ಸ್ವಲ್ಪ ದೂರ ಹೋದ ಮೇಲೆ ನಿಂತರು.

"ಸಾಬ್ರೇ, ಆವತ್ತು ನಂಗೆ ಪ್ರಾಣ ಹೋದಂಗಾಗಿತ್ತು."

"ನಂಗೂ ಸ್ವಾಮಿ. ಸಂಘ ಸೇರಿದ ದಿನದಿಂದ ಹಂಗೇ ಆಗ್ತೈತೆ."

"ಮತ್ತೆ ಯಾಕಯ್ಯಾ ಹತ್ತಿದೆ?"

"ನೀವು ಒಬ್ರೇ ಇದ್ರಲ್ಲ" ಎಂದ ನಜೀರ್.

ಇಬ್ಬರೂ ಕಲ್ಲಿನ ಮೇಲೆ ಕೂತು ಮಂಡಿ ತಿಕ್ಕಿಕೊಂಡರು. ಮೇಲಿನಿಂದ ಉಪಾಧ್ಯಕ್ಷರು ಬೇಗ ಬನ್ನಿ ಎಂದು ಕೂಗುತ್ತಿದ್ದರು. ಇಬ್ಬರಿಗೂ ಆತುರವಿರಲಿಲ್ಲ.